ಕೂಸಿನಂಗಿಯ ಕೌದಿ

ತೊಳೆದು ತೊಳೆದು ಸವೆದ ಜಬಲಾವನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಉಜ್ಜಿ ನೋಡಬೇಕು. ಆ ಮೆದು ಯಾವ ಅಂಗಡಿಯ ಥಾನಿನಲ್ಲೂ ಸಿಗುವುದಿಲ್ಲ. ಹೊಸ ಹತ್ತಿ ಬಟ್ಟೆಗೆ ಗಂಜಿಯ ಬಿರುಸು ಇರುತ್ತದೆ, ಎಳೆಗಳ ಬಿಗಿ ಇನ್ನೂ ಸಡಿಲಾಗಿರುವುದಿಲ್ಲ. ಕೂಸಿನ ಬಟ್ಟೆಯ ಪಾಡು ಬೇರೆ. ದಿನಕ್ಕೆ ನಾಲ್ಕಾರು ಸಲ ಬದಲಾಗಿ, ಬಿಸಿನೀರು ಕಂಡು, ಬಿಸಿಲು ಕಂಡು, ಮರುದಿನವೇ ಮತ್ತೆ ಮೈಮೇಲೆ ಬಂದು, ದೊಡ್ಡವರ ಅಂಗಿ ವರ್ಷಗಟ್ಟಲೆ ತೊಟ್ಟ ಮೇಲೆ ಮುಟ್ಟುವ ಹದವನ್ನು ಅದು ಕೆಲವೇ ತಿಂಗಳಲ್ಲಿ ಮುಟ್ಟಿಬಿಡುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಚಿಕ್ಕದೂ ಆಗಿಬಿಡುತ್ತದೆ. ಹುಟ್ಟುವಾಗ ಸುಮಾರು 50 ಸೆಂಟಿಮೀಟರ್ ಉದ್ದವಿದ್ದ ಕೂಸು ಮೊದಲ ಹುಟ್ಟುಹಬ್ಬದ ಹೊತ್ತಿಗೆ 75ರ ಹತ್ತಿರ ಬಂದಿರುತ್ತದೆ, ತೂಕ ಮೂರು ಪಟ್ಟು ಆಗಿರುತ್ತದೆ. ಹುಟ್ಟಿದ ಮೇಲೆ ಮನುಷ್ಯ ಮತ್ತೆಂದೂ ಅಷ್ಟು ವೇಗವಾಗಿ ಬೆಳೆಯುವುದಿಲ್ಲ. ಹೀಗೆ, ಹದ ಬಂದ ಮತ್ತು ಯಾರ ಮೈಗೂ ಆಗದ ಬಟ್ಟೆಯ ಗಂಟೊಂದು ಪ್ರತಿ ಮನೆಯ ಕಪಾಟಿನಲ್ಲೂ ಕೂತಿರುತ್ತದೆ.

ಆ ಗಂಟಿನಲ್ಲಿ ಎರಡು ಬಗೆ. ಒಮ್ಮೆಯೋ ಎರಡು ಸಲವೋ ತೊಡಿಸಿದ ಜರಿಯಂಚಿನ ಫ್ರಾಕು, ಉಡುಗೊರೆ ಬಂದ ಹೊಳಪಿನ ಬಾಬಾ ಸೂಟು ಒಂದು ಬಗೆ. ಇವು ಇನ್ನೊಂದು ಕೂಸಿನ ಮೈಮೇಲೆ ಹೋಗಲಿ, ಕೊಟ್ಟುಬಿಡಬೇಕು. ಕೊರಳು ಜೋಲಿದ, ಹಾಲಿನ ಕಲೆ ಕೂತ, ಮೊಣಕಾಲು ಸವೆದ, ಯಾರಿಗೂ ಕೊಡಲು ಮನಸ್ಸು ಬಾರದ ಬಟ್ಟೆ ಇನ್ನೊಂದು ಬಗೆ. ಕೌದಿಗೆ ಬೇಕಾದದ್ದು ಇದೇ. ಕೂಸು ನಿಜವಾಗಿ ಬದುಕಿದ್ದು ಇವುಗಳಲ್ಲಿ.

ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕಬಾರದು ಎನ್ನುವ ರೂಢಿ ನಮ್ಮ ಕಡೆ ಇಂದಿಗೂ ಇದೆ. ತೊಟ್ಟಿಲಿಗೆ ಹಾಕುವ ದಿನದವರೆಗೆ ಹಳೆಯ ಮೆತ್ತನೆಯ ಬಟ್ಟೆಯೇ ಹಾಸು, ಅದೇ ಹೊದಿಕೆ, ಅದೇ ಲಂಗೋಟಿ. ಮನೆಯಲ್ಲಿ ತುಂಬು ಬಾಳು ಬಾಳಿದ ಹಿರಿಯರ ಸೀರೆಯೋ ಧೋತರವೋ ಆದರೆ ಇನ್ನೂ ಒಳ್ಳೆಯದು ಎನ್ನುತ್ತಾರೆ, ಅವರ ಆಯುಷ್ಯ ಕೂಸಿಗೆ ಹತ್ತಲಿ ಎಂದು. ನನ್ನ ಮಗಳಿಗಾಗಿ ಅವ್ವ ಹರಿದದ್ದು ನಮ್ಮ ಆಯಿಯ ಇಳಕಲ್ ಸೀರೆಯನ್ನು. ಹತ್ತಿಯ ಒಡಲು, ಕೆಂಪು ರೇಷ್ಮೆಯ ಸೆರಗು. ಇಳಕಲ್ಲಿನ ನೇಕಾರರು ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಕೂಡುಗೆಯ ಗೆರೆಯ ಮೇಲೆ ಬೆರಳಾಡಿಸಿದರೆ ಹತ್ತಿ ಮುಗಿದು ರೇಷ್ಮೆ ಶುರುವಾಗುವುದು ತಿಳಿಯುತ್ತದೆ. ಆಯಿ ಉಟ್ಟು ಉಟ್ಟು ಒಡಲು ತೆಳುವಾಗಿತ್ತು, ಕಡುನೀಲಿ ಬಣ್ಣ ಬೂದುನೀಲಿಗೆ ತಿರುಗಿತ್ತು. ಅದರಲ್ಲಿ ಒಂದು ಭಾಗ ಚಿಕ್ಕ ಚಿಕ್ಕ ತುಂಡಾಗಿ ಕೂಸಿನ ಹಾಸಾಯಿತು. ಉಳಿದದ್ದನ್ನು ಅವ್ವ ಮಡಚಿ ಟ್ರಂಕಿನ ತಳಕ್ಕೆ ಹಾಕಿದ್ದಳು. ಕೌದಿಯ ತಳಬಟ್ಟೆಗೆ ಅದಕ್ಕಿಂತ ಒಳ್ಳೆಯದು ಬೇರೆ ಇರಲಿಲ್ಲ.

ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಅಂದರೆ ಭಾರದ ವಸ್ತು. ನಾಲ್ಕೈದು ಪದರ ಹಳೆ ಸೀರೆ, ಧೋತರ, ಅಂಗಿ ಸೇರಿಸಿ, ದಪ್ಪ ದಾರ, ಉದ್ದ ಸೂಜಿಯಲ್ಲಿ ಹೊಲಿದದ್ದು. ಮಾಗಿ ಚಳಿಯಲ್ಲಿ ಅದರ ಕೆಳಗೆ ಮಲಗಿದವರಿಗೆ ಆ ಭಾರವೇ ಅರ್ಧ ಬಿಸುಪು. ಹೊಲದ ಕೆಲಸ ಕಡಿಮೆ ಇರುವ ಬೇಸಿಗೆಯಲ್ಲಿ ಅದನ್ನು ಹೊಲಿಯುತ್ತಾರೆ. ಊರೂರು ತಿರುಗಿ ಕೌದಿ ಹೊಲಿದು ಕೊಡುವ ಹೆಂಗಸರೂ ಬರುತ್ತಿದ್ದರು, ಕಟ್ಟೆಯ ಮೇಲೋ ಪಡಸಾಲೆಯಲ್ಲೋ ಕೂತು ಮನೆಯ ಹಳೆ ಬಟ್ಟೆಯನ್ನೆಲ್ಲ ಹರವಿಕೊಂಡು. ಮಹಾನವಮಿಗೆ ಮುಂಚೆ ಮನೆಯ ಕೌದಿಗಳೆಲ್ಲ ತೊಳೆಯಲು ಹಳ್ಳಕ್ಕೆ ಹೋಗುತ್ತವೆ. ನೆಂದ ಕೌದಿ ಹಿಂಡಲು ಇಬ್ಬರು ಬೇಕು. ತೊಟ್ಟಿಲ ಕೌದಿ ಇದೇ ಮನೆತನದ್ದಾದರೂ ಹಗುರ. ತಳಕ್ಕೊಂದು ಸೀರೆ, ಮೇಲೆ ತುಂಡುಗಳು, ನಡುವೆ ಏನೂ ಇಲ್ಲ. ಎರಡು ಮೊಳ ಅಗಲ, ಎರಡೂವರೆ ಮೊಳ ಉದ್ದವಿದ್ದರೆ ಸಾಕು. ಮೊದಲ ಕೌದಿಗೆ ಕೈಹಾಕುವವರಿಗೆ ಈ ಅಳತೆ ಹೇಳಿ ಮಾಡಿಸಿದ್ದು: ತೊಡೆಯ ಮೇಲೆ ಹರವಿಕೊಳ್ಳಬಹುದು, ಎಲ್ಲ ಮೂಲೆಗೂ ಕೈ ನಿಲುಕುತ್ತದೆ.

ಕೂಸಿನ ಬಟ್ಟೆಯಿಂದ ನೆನಪಿನ ಹೊದಿಕೆ ಮಾಡಿಕೊಡುವವರು ಈಗ ನಗರಗಳಲ್ಲಿ ಇದ್ದಾರೆ. ಅಮೆರಿಕದಲ್ಲಿ ಅದು ದೊಡ್ಡ ರೂಢಿ. ಅಂಗಿಗಳನ್ನೆಲ್ಲ ಸಮಚೌಕವಾಗಿ ಕತ್ತರಿಸಿ, ಹೊಸಿಯರಿ ಬಟ್ಟೆ ಎಳೆದಾಡಬಾರದೆಂದು ಹಿಂದೆ ಅಂಟುಬಟ್ಟೆ ಇಟ್ಟು ಇಸ್ತ್ರಿ ಒತ್ತಿ, ಚೌಕಗಳನ್ನು ಮಿಷನ್ನಿನಲ್ಲಿ ಸಾಲಾಗಿ ಜೋಡಿಸುತ್ತಾರೆ. ಅಚ್ಚುಕಟ್ಟು ಕೆಲಸ, ಒಪ್ಪುತ್ತೇನೆ. ಆದರೆ ಅಂಟು ಹತ್ತಿದ ಕೂಡಲೇ ಬಟ್ಟೆ ಸೆಟೆದು ನಿಲ್ಲುತ್ತದೆ, ಅಷ್ಟು ತಿಂಗಳ ನೀರು ಬಿಸಿಲು ಕೊಟ್ಟ ಮೆದು ಅಲ್ಲಿಗೆ ಮುಗಿಯಿತು. ಚೌಕದೊಳಗೆ ಉಳಿಯುವುದು ಬಟ್ಟೆಯ ಚಿತ್ರ ಮಾತ್ರ, ಒಂದು ಆನೆ, ಒಂದು ನಕ್ಷತ್ರ. ಕೊರಳಿಲ್ಲ, ತೋಳಿಲ್ಲ, ಕಂಕುಳ ಬಳಿಯ ಸಣ್ಣ ನೆರಿಗೆಯಿಲ್ಲ. ಅದನ್ನು ತೊಟ್ಟವಳು ಎಷ್ಟು ಚಿಕ್ಕವಳಿದ್ದಳು ಎನ್ನುವುದು ಅದರಿಂದ ಗೊತ್ತಾಗುವುದೇ ಇಲ್ಲ.

ನಾನು ಕತ್ತರಿ ಹಿಡಿದು ಕೂತಾಗ ಅವ್ವ ಹೇಳಿದ್ದೂ ಇಷ್ಟೇ.

“ಚೌಕ ಯಾಕ ಕತ್ತರಸ್ತಿ? ಅಂಗಿ ಅಂಗಿ ಹಂಗ ಇರಲಿ ಬಿಡವಾ.”

“ಹಂಗಾದ್ರ ಒಂದಕ್ಕೊಂದು ಹೆಂಗ ಕೂಡ್ತಾವ ಅವ್ವಾ? ಒಂದೊಂದು ಒಂದೊಂದು ಆಕಾರ.”

“ಹಳಿಯಾಳದ ಕಡೆ ಸಿದ್ದಿಗಳು ಹೊಲೀತಾರಲ್ಲ, ಹಂಗ ಹೊಲಿ. ಅಂಚಿನಿಂದ ಒಳಗ ಬಾ. ತಾವ ಕೂಡ್ತಾವ.”

ಧಾರವಾಡದಿಂದ ಹಳಿಯಾಳದ ದಾರಿ ಹಿಡಿದರೆ, ಬಯಲು ಮುಗಿದು ಕಾಡು ಶುರುವಾಗುವ ಸೆರಗಿನಲ್ಲೇ ಸಿದ್ದಿಗಳ ಮನೆಗಳು ಸಿಗುತ್ತವೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆಯ ಕಾಡಂಚಿನಲ್ಲಿ ನೆಲೆಸಿದ ಈ ಜನ ಆಫ್ರಿಕದಿಂದ ಬಂದವರ ಸಂತತಿ. ಪೋರ್ಚುಗೀಸರ ಗೋವಾಕ್ಕೆ ಗುಲಾಮರಾಗಿ ತರಲ್ಪಟ್ಟವರಲ್ಲಿ ಅನೇಕರು ಘಟ್ಟ ಹತ್ತಿ ಇಲ್ಲಿಗೆ ಬಂದರು. ಅವರ ಹೆಂಗಸರು ಹೊಲಿಯುವ ಕೌದಿಗೆ ಅವರ ಮಾತಿನಲ್ಲಿ ಕವಂದಿ ಎನ್ನುತ್ತಾರೆ. ಬೇಲಿಯ ಮೇಲೆ ಒಣಗಲು ಹಾಕಿದ ಒಂದು ಕವಂದಿಯನ್ನು ಕಂಡರೆ ಅಲ್ಲಿಂದ ಮುಂದಕ್ಕೆ ಹೋಗಲು ಮನಸ್ಸಾಗುವುದಿಲ್ಲ. ಅರಿಶಿನ, ಕೆಂಪು, ಗಿಣಿಹಸಿರು, ನಡುವೆ ಯಾರದೋ ಚೌಕಳಿ ಅಂಗಿಯ ತುಂಡು, ಯಾವ ಎರಡು ತುಂಡೂ ಒಂದೇ ಅಳತೆಯವಲ್ಲ. ಆದರೂ ಇಡೀ ಬಟ್ಟೆಗೆ ಒಂದು ಲಯವಿದೆ. ಆ ಲಯ ಬಣ್ಣದ್ದಲ್ಲ, ಹೊಲಿಗೆಯದ್ದು. ಅವರು ಮೊದಲೇ ನಕ್ಷೆ ಹಾಕಿಕೊಳ್ಳುವುದಿಲ್ಲ. ತಳದ ಸೀರೆಯ ಒಂದು ಮೂಲೆಯಿಂದ ಶುರುಮಾಡಿ, ಅಂಚಿನುದ್ದಕ್ಕೂ ತುಂಡು ಇಡುತ್ತ, ಹೊಲಿಯುತ್ತ ಸುತ್ತು ಬರುತ್ತಾರೆ. ಒಂದು ಸುತ್ತು ಮುಗಿದರೆ ಅದರ ಒಳಗೆ ಇನ್ನೊಂದು. ಹೀಗೆ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಟ್ಟುತ್ತಾರೆ. ನಾಲ್ಕು ಮೂಲೆಗೆ ಬಟ್ಟೆಯನ್ನು ಮುಕ್ಕೋನವಾಗಿ ಮಡಚಿದ ಫುಲಾ, ಅಂದರೆ ಹೂವು. ಫುಲಾ ಇಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ. ಕೂಸಿನ ಕವಂದಿಗಂತೂ ಸಣ್ಣ ಸಣ್ಣ ಬಣ್ಣದ ತುಂಡುಗಳನ್ನು ಇನ್ನೂ ಧಾರಾಳವಾಗಿ ಹೊಲಿಯುತ್ತಾರೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಈ ಹೆಂಗಸರ ಜೊತೆ ಕೆಲಸ ಮಾಡಿ, ಅವರ ಕವಂದಿಗಳು 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದ ಗೋಡೆಯ ಮೇಲೆ ತೂಗುವಂತೆ ಮಾಡಿದರು. ಗೋಡೆಯ ಮೇಲೂ ಅವು ಚೆಂದವೇ. ಆದರೆ ಹತ್ತಿರ ಕೂತು ಮುಟ್ಟಿ ನೋಡಿದವರಿಗೆ ಸಿಗುವ ಸುಖ ಬೇರೆ.

ಅಂಚಿನಿಂದ ಒಳಗೆ ಬರುವ ಈ ಕ್ರಮ ಕೂಸಿನ ಬಟ್ಟೆಗೆ ಹೊಂದಿಕೊಂಡಷ್ಟು ಬೇರೆ ಯಾವುದಕ್ಕೂ ಹೊಂದಲಾರದು ಎಂದು ನನಗೆ ಹೊಲಿಯುತ್ತ ಹೊಲಿಯುತ್ತ ಖಾತ್ರಿಯಾಯಿತು. ಯಾವುದೇ ಹೊದಿಕೆಯಲ್ಲಿ ಮೊದಲು ಸವೆಯುವುದು ಅಂಚು. ಕೂಸು ಹಿಡಿದು ಎಳೆಯುವುದು, ಬಾಯಿಗಿಟ್ಟು ಚೀಪುವುದು, ನೆಲಕ್ಕೆ ಎಳೆದಾಡುವುದು ಎಲ್ಲ ಅಂಚನ್ನೇ. ಆದ್ದರಿಂದ ಗಟ್ಟಿ ಬಟ್ಟೆ ಅಂಚಿಗೆ ಬರಬೇಕು. ಗಟ್ಟಿ ಬಟ್ಟೆ ಯಾವುದು? ಎರಡನೆಯ ವರ್ಷದ್ದು. ಓಡಾಡಲು ಶುರುಮಾಡಿದ ಮೇಲಿನ ಜೀನ್ಸ್ ಚಡ್ಡಿ, ಕಾರ್ಡುರಾಯ್ ಪ್ಯಾಂಟು, ಕಾಲರಿನ ಅಂಗಿ. ಅದರ ಒಳಸುತ್ತಿಗೆ ಅಂಬೆಗಾಲಿನ ದಿನಗಳ ಹೊಸಿಯರಿ ಪ್ಯಾಂಟು. ಇನ್ನೂ ಒಳಗೆ, ಮಗುಚಿ ಬೀಳುತ್ತಿದ್ದ ತಿಂಗಳುಗಳ ಜಬಲಾ. ನಡುವಿನ ಹತ್ತಿರ, ಮುಖಕ್ಕೂ ಎದೆಗೂ ತಾಗುವ ಜಾಗದಲ್ಲಿ, ಎಲ್ಲಕ್ಕಿಂತ ಮೆತ್ತನೆಯದು, ಹುಟ್ಟಿದ ಹೊಸತರ ಮಲ್‌ಮಲ್. ಒಳಗೆ ಹೋದಂತೆ ಜಾಗ ಕಿರಿದಾಗುತ್ತದೆ, ಅಂಗಿಯೂ ಕಿರಿದಾಗುತ್ತದೆ. ಹೊಲಿಯುವವಳ ಕೈಯಲ್ಲಿ ಮಗಳು ಸುತ್ತಿನಿಂದ ಸುತ್ತಿಗೆ ಚಿಕ್ಕವಳಾಗುತ್ತ ಹೋಗುತ್ತಾಳೆ.

ಮೂಲೆಯ ಹೂವಿಗೆ ಗುಳೇದಗುಡ್ಡದ ಖಣದ ತುಂಡು ಇಟ್ಟೆ. ತೊಟ್ಟಿಲ ಕಾರ್ಯಕ್ಕೆ ಅವ್ವ ಹೊಲಿಸಿದ ಕುಂಚಿಗೆಯಲ್ಲಿ ಉಳಿದ ಬಟ್ಟೆ ಅದು. ಕುಂಚಿಗೆಯನ್ನು ಮಾತ್ರ ಕೌದಿಗೆ ಸೇರಿಸಲಿಲ್ಲ. ಬೆನ್ನ ಮೇಲೆ ಇಳಿಬಿದ್ದ ಅದರ ನೆರಿಗೆ, ಹಣೆಯ ಮೇಲಿನ ಲೇಸು, ಗದ್ದದ ಕೆಳಗಿನ ಕಸೆ ಇವೆಲ್ಲ ಕೂಡಿಯೇ ಅದು ಕುಂಚಿಗೆ. ಬಿಚ್ಚಿದರೆ ಬರೀ ಬಟ್ಟೆ. ಇನ್ನೊಂದು ಕೂಸಿನ ತಲೆಗೆ ಅದು ಇಡಿಯಾಗಿಯೇ ಹೋಗಲಿ. ಖಣದ ಕೆಂಪು ಬಣ್ಣ ಬಿಡಬಹುದೆಂದು ಮೊದಲು ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿ, ಎರಡು ಸಲ ಉಪ್ಪುನೀರಲ್ಲಿ ನೆನೆಸಿ ತೊಳೆದು ಆಮೇಲೆ ಹೊಲಿದದ್ದು. ಕೂಸಿನ ಅಂಗಿಗಳಿಗೆ ಆ ಚಿಂತೆಯಿಲ್ಲ. ಬಿಡುವ ಬಣ್ಣವೆಲ್ಲ ಅವು ಎಂದೋ ಬಿಟ್ಟಾಗಿದೆ, ಕುಗ್ಗುವಷ್ಟು ಕುಗ್ಗಿಯೂ ಆಗಿದೆ. ಹಳೆ ಬಟ್ಟೆಯಲ್ಲಿ ಹೊಲಿದ ಕೌದಿ ನೀರು ಕಂಡ ಮೇಲೆ ಒಂದೊಂದು ಕಡೆ ಒಂದೊಂದು ಥರ ಸೊಟ್ಟಗಾಗದಿರಲು ಇದೇ ಕಾರಣ.

ಹೊಲಿಗೆ ಬಹಳ ಸಾದಾ. ಸೂಜಿ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ, ಅಷ್ಟೇ. ತುಂಡಿನ ಅಂಚನ್ನು ಎಡಗೈ ಹೆಬ್ಬೆರಳಿನಿಂದ ಒಳಕ್ಕೆ ಮಡಚಿ ಒತ್ತಿ ಹಿಡಿದು, ಮಡಿಕೆಯ ತುದಿಯಲ್ಲೇ ಸೂಜಿ ಹಾಯಿಸಬೇಕು. ನೇಯ್ದ ಬಟ್ಟೆ ಹೇಳಿದಂತೆ ಮಡಚಿಕೊಳ್ಳುತ್ತದೆ. ಹೊಸಿಯರಿ ನೇಯ್ದದ್ದಲ್ಲ, ಕುಣಿಕೆ ಕುಣಿಕೆಯಾಗಿ ಹೆಣೆದದ್ದು. ಹಿಡಿದೆಳೆದರೆ ಹಿಗ್ಗುತ್ತದೆ, ಕತ್ತರಿಸಿದ ಅಂಚು ತಾನಾಗಿ ಸುರುಳಿ ಸುತ್ತುತ್ತದೆ. ಮಿಷನ್ನಿನ ಕೆಳಗೆ ಅದು ಕಾಡುವ ಬಟ್ಟೆ, ಕೈಹೊಲಿಗೆಯಲ್ಲಿ ಹಾಗಲ್ಲ. ಎಳೆಯದೆ, ಮಲಗಿದ ಹಾಗೇ ಮಲಗಿಸಿ ಸಾಲು ಸಾಲಾಗಿ ಹೊಲಿಯುತ್ತ ಹೋದರೆ ತಳದ ಸೀರೆಯೇ ಅದನ್ನು ಹಿಡಿದು ನಿಲ್ಲಿಸುತ್ತದೆ. ಸಾಲಿನಿಂದ ಸಾಲಿಗೆ ಒಂದು ಬೆರಳಿನಷ್ಟು ದೂರ ಸಾಕು. ನಾಲ್ಕಾರು ಸಾಲು ಬಿದ್ದ ಮೇಲೆ ಕೌದಿಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ, ಎರೆಹೊಲದಲ್ಲಿ ಕೂರಿಗೆ ಎಳೆದು ಹೋದ ಹಾಗೆ ಗೆರೆಗಳು ಎದ್ದು ಕಾಣುತ್ತವೆ. ದಾರ ಹತ್ತಿಯದ್ದೇ ಇರಲಿ. ಪಾಲಿಯೆಸ್ಟರ್ ದಾರ ಗಟ್ಟಿ ನಿಜ, ಆದರೆ ಕಾಲ ಕಳೆದಂತೆ ಸವೆದ ಬಟ್ಟೆಯನ್ನು ಅದು ಕೊಯ್ಯಬಹುದು. ಬಟ್ಟೆಗಿಂತ ಮೊದಲು ದಾರ ಹರಿಯುವುದೇ ಒಳ್ಳೆಯದು. ದಾರ ಹರಿದರೆ ಮತ್ತೆ ಹೊಲಿಯಬಹುದು.

ಹೊಲಿಗೆ ನಡೆದ ಹಾಗೆ ಒಂದೊಂದು ಅಂಗಿಯೂ ತನ್ನದೇನನ್ನೋ ತೋರಿಸುತ್ತದೆ. ಮೊದಲ ಸುತ್ತಿನ ಜೀನ್ಸ್ ಚಡ್ಡಿಯ ಜೇಬನ್ನು ಬಿಚ್ಚದೆ ಹಾಗೇ ಉಳಿಸಿದೆ. ಮೂರು ಬೆರಳು ಹಿಡಿಯದ ಜೇಬು, ಅದರೊಳಗೆ ಮಗಳು ಹುಣಸೆ ಬೀಜ ಇಡುತ್ತಿದ್ದಳು. ಅಂಬೆಗಾಲಿನ ಪ್ಯಾಂಟುಗಳೆರಡರಲ್ಲೂ ಬಲಮೊಣಕಾಲೇ ಹೆಚ್ಚು ಸವೆದಿದೆ. ಬಲಗಾಲನ್ನು ನೆಲಕ್ಕೂರಿ ಎಡಗಾಲನ್ನು ಮುಂದೆ ಚಾಚಿ ತೆವಳುತ್ತಿದ್ದಳು ಎನ್ನುವುದು ನನಗೆ ಮರೆತೇಹೋಗಿತ್ತು, ಬಟ್ಟೆ ಅದನ್ನು ಇಟ್ಟುಕೊಂಡಿದೆ. ಆರನೆಯ ತಿಂಗಳ ಬಿಳಿ ಜಬಲಾದ ಎದೆಯ ಮೇಲೆ ಮೊದಲ ಬೇಳೆಕಟ್ಟಿನ ಅರಿಶಿನದ ಕಲೆಯಿದೆ. ಬಿಸಿಲು ಅರಿಶಿನವನ್ನು ತಿನ್ನುತ್ತದೆ, ಈಗ ಅದು ಬೆಣ್ಣೆಯ ಬಣ್ಣಕ್ಕೆ ಇಳಿದಿದೆ. ಕಲೆಯ ಭಾಗವನ್ನು ಕತ್ತರಿಸಿ ಬಿಸಾಡಿ ಚೊಕ್ಕ ಭಾಗವನ್ನು ಹೊಲಿಯುವುದು ಸುಲಭ. ಆದರೆ ಚೊಕ್ಕ ಬಿಳಿ ಬಟ್ಟೆ ಯಾವ ಕೂಸಿನದ್ದಾದರೂ ಆಗಬಹುದು. ಆ ಕಲೆ ಇವಳದ್ದು. ಅದನ್ನು ತುಂಡಿನ ನಡುವಿಗೆ ಬರುವಂತೆ ಇಟ್ಟು ಸುತ್ತ ಬಿಳಿ ದಾರದ ಸಾಲು ಹಾಕಿದೆ. ಇಡೀ ಕೌದಿಯಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಹಾಲಿನ ಕಲೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ತೊಳೆದಿಟ್ಟಾಗ ಕಾಣದೆ, ವರ್ಷ ಕಳೆದ ಮೇಲೆ ಹಳದಿಯಾಗಿ ಮೇಲೇಳುತ್ತದೆ. ಹೊಲಿಯುವ ಮೊದಲು ಒಂದು ರಾತ್ರಿ ಸೋಪಿನ ನೀರಲ್ಲಿ ನೆನೆಹಾಕಬೇಕು. ಗುಂಡಿ, ಟಿಚ್ ಬಟನ್ನುಗಳನ್ನು ನಾನು ತೆಗೆದುಬಿಟ್ಟೆ. ನೋಡಲು ಎಷ್ಟು ಮುದ್ದಾದರೂ ಅವು ಕಿತ್ತು ಕೂಸಿನ ಬಾಯಿಗೆ ಹೋಗುವಂಥವು. ಕಾಜದ ತೂತುಗಳು ಉಳಿದಿವೆ, ಸಾಲಾಗಿ ಮೂರು. ಜಬಲಾದ ಕಸೆಗಳನ್ನು ಚಿಕ್ಕದಾಗಿ ಕತ್ತರಿಸಿ ಹೊಲಿಗೆಯಲ್ಲಿ ಅಡಗಿಸಿದೆ, ಬೆರಳಿಗೆ ಸುತ್ತಿಕೊಳ್ಳಬಾರದು ಎಂದು.

ಮುಂಭಾಗದಷ್ಟೇ ನನಗೆ ಹಿಂಭಾಗವೂ ಇಷ್ಟ. ಬಹುಶಃ ಹೆಚ್ಚೇ. ಅಲ್ಲಿ ಆನೆಯಿಲ್ಲ, ಹೂವಿಲ್ಲ, ಆಯಿಯ ಸೀರೆಯ ಬೂದುನೀಲಿ ಮಾತ್ರ. ಅದರ ಮೇಲೆ ಬಿಳಿ ದಾರದ ಚುಕ್ಕಿಗಳು. ಹೊಲಿಗೆ ಪ್ರತಿ ತುಂಡಿನ ಅಂಚನ್ನು ಹಿಡಿದೇ ಹೋಗಿರುವುದರಿಂದ, ಮುಂದಿರುವ ಅಂಗಿಗಳ ಆಕಾರವೆಲ್ಲ ಹಿಂದೆ ಗೆರೆಯಾಗಿ ಮೂಡಿದೆ. ಒಂದು ಕೊರಳಿನ ಅರ್ಧಚಂದ್ರ, ಒಂದು ಗೇಣಿಗೂ ಕಡಿಮೆಯಾದ ತೋಳು, ಒಂದು ಜೇಬು. ಬಣ್ಣ ಹೋಗಿ ಅಳತೆ ಮಾತ್ರ ಉಳಿದಿದೆ. ಮಗಳು ಎಷ್ಟು ಚಿಕ್ಕವಳಿದ್ದಳು ಎಂದು ಮುಂಭಾಗಕ್ಕಿಂತ ಹಿಂಭಾಗವೇ ಚೆನ್ನಾಗಿ ಹೇಳುತ್ತದೆ.

ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಎನ್ನುವ ಊರಿದೆ, ನದಿಯ ತಿರುವಿನಲ್ಲಿ. ಗುಲಾಮರಾಗಿ ಹತ್ತಿ ಬೆಳೆದವರ ಮೊಮ್ಮಕ್ಕಳು, ಮರಿಮಕ್ಕಳು ಅಲ್ಲಿಯವರು. ಅಲ್ಲಿನ ಹೆಂಗಸರೂ ಹಳೆ ಬಟ್ಟೆಯಿಂದ ಹೊದಿಕೆ ಹೊಲಿಯುವುದರಲ್ಲಿ ಹೆಸರಾದವರು. ಮಿಸೌರಿ ಪೆಟ್‌ವೇ ಎಂಬಾಕೆ 1942ರಲ್ಲಿ, ಗಂಡ ತೀರಿಕೊಂಡ ಮೇಲೆ, ಅವನ ಹೊಲದ ಕೆಲಸದ ಬಟ್ಟೆಗಳನ್ನೇ ಜೋಡಿಸಿ ಒಂದು ಹೊದಿಕೆ ಹೊಲಿದಳು. ಚಿತ್ರದಲ್ಲಿ ನೋಡಿದರೂ ಸಾಕು, ಬಿಸಿಲಿಗೆ ಬಣ್ಣ ಹಾರಿದ ನೀಲಿ, ಬೆವರಿಗೆ ಮಾಸಿದ ಬೂದು, ಪ್ಯಾಂಟಿನ ಕಾಲುಗಳ ಉದ್ದ ಉದ್ದ ಪಟ್ಟಿ. ಸವೆತವನ್ನು ಆಕೆ ಮರೆಮಾಡಲಿಲ್ಲ. ಅದು ಹೋದವನ ಬಟ್ಟೆ, ನನ್ನ ಮಡಿಲಲ್ಲಿರುವುದು ಬೆಳೆದವಳ ಬಟ್ಟೆ. ದುಃಖವೂ ಸಂತೋಷವೂ ಬೇರೆ ಬೇರೆ ಎಂದು ನನಗೆ ಗೊತ್ತು. ಆದರೆ ಸವೆದ ಜಾಗವನ್ನು ಹುಡುಕಿ ಹುಡುಕಿ ಮೇಲಕ್ಕೆ ತರುವ ಕೈಯ ಕೆಲಸ ಎರಡರಲ್ಲೂ ಒಂದೇ. ಆ ಹೊದಿಕೆಯನ್ನು ನೋಡಿದ ಮೇಲೆಯೇ ಮೊಣಕಾಲು ಸವೆದ ಪ್ಯಾಂಟನ್ನು ಮಡಚಿ ಅಡಗಿಸದೆ ಎದುರಿಗೇ ಇಡುವ ಧೈರ್ಯ ನನಗೆ ಬಂದದ್ದು.

ಒಳಸುತ್ತುಗಳು ಬೇಗ ಮುಗಿಯುತ್ತವೆ. ಅಂಚಿನ ಸುತ್ತಿಗೆ ಹಿಡಿದ ಹೊತ್ತಿನಲ್ಲಿ ಒಳಗಿನ ಎರಡು ಸುತ್ತು ಬಂದುಬಿಡುತ್ತವೆ. ಕೊನೆಗೆ ನಡುವೆ ಒಂದು ಜಾಗ ಉಳಿಯುತ್ತದೆ, ಅದರ ಆಕಾರವನ್ನು ಮೊದಲೇ ಯಾರೂ ಹೇಳಲಾರರು. ಸುತ್ತಲಿನ ತುಂಡುಗಳು ಬಂದು ನಿಂತ ರೀತಿಯಿಂದ ಆದ ಜಾಗ ಅದು. ನನ್ನದರಲ್ಲಿ ಅದು ಒಂದು ಕಡೆ ಅಗಲ, ಒಂದು ಕಡೆ ಕಿರಿದು, ಅಂಗೈಗಿಂತ ತುಸು ದೊಡ್ಡದು. ಅಲ್ಲಿಗೆ ಕೂಸನ್ನು ಮೊದಲು ಸುತ್ತಿದ ಹಾಸಿನ ತುಂಡು, ಅಂದರೆ ಆಯಿಯ ಸೀರೆಯದೇ ತುಂಡು. ತಳದಲ್ಲಿ ಆಯಿಯ ಸೀರೆ, ಮೇಲೂ ಆಯಿಯ ಸೀರೆ. ಆದರೆ ಎರಡೂ ಒಂದೇ ಬಣ್ಣವಲ್ಲ. ತಳದ್ದು ಟ್ರಂಕಿನಲ್ಲಿದ್ದು ನೀಲಿ ಉಳಿಸಿಕೊಂಡಿದೆ, ಮೇಲಿನದ್ದು ಕೂಸಿನ ಜೊತೆ ದಿನಾ ತೊಳೆಸಿಕೊಂಡು ಮೋಡದ ಬಣ್ಣಕ್ಕೆ ಬಂದಿದೆ. ಆ ತುಂಡಿನ ಮೂರು ಬದಿ ಹೊಲಿದಾದ ಮೇಲೆ ಅವ್ವ ನಿಲ್ಲಿಸಿದಳು.

“ಕೌದಿ ಹೊಟ್ಟಿ ತುಂಬಸೂದಿಲ್ಲೇನು?”

ನಾಲ್ಕು ಕಾಳು ಅಕ್ಕಿ ತಂದು ನಡುವಿನ ತುಂಡಿನ ಕೆಳಗೆ ಹಾಕಿದಳು. ಹಸಿದ ಕೌದಿ ಹೊದ್ದವರ ಹೊಟ್ಟೆ ತುಂಬಿರುವುದಿಲ್ಲ ಎನ್ನುವುದು ನಮ್ಮ ಮನೆಯ ಹಿರಿಯರ ನಂಬಿಕೆ. ಬೇರೆ ಮನೆಗಳಲ್ಲಿ ಒಣರೊಟ್ಟಿಯ ಚೂರು ಇಡುವುದೂ ಉಂಟು. ನಾಲ್ಕನೆಯ ಬದಿಯನ್ನು ಅವ್ವನೇ ಹೊಲಿದಳು. ಆಕೆಯ ಹೊಲಿಗೆ ನನ್ನದಕ್ಕಿಂತ ಚಿಕ್ಕದು, ಒಂದೇ ಸಮ. ಕೌದಿಯ ನಡುವೆ ಆ ಒಂದು ಗೆರೆ ಮಾತ್ರ ಬೇರೆ ಕೈಯದ್ದು ಎಂದು ನೋಡಿದವರಿಗೆ ತಟ್ಟನೆ ಕಾಣುತ್ತದೆ.

ಹೊಲಿದು ಮುಗಿದ ಕೌದಿ ಇನ್ನೂ ಪೂರ್ತಿ ಕೌದಿಯಲ್ಲ. ಒಮ್ಮೆ ನೀರು ಕಾಣಬೇಕು. ಬಟ್ಟೆ ಹಳೆಯದು, ದಾರ ಹೊಸದು. ದಾರ ಮಾತ್ರ ಕುಗ್ಗುತ್ತದೆ. ಕುಗ್ಗಿದ ದಾರ ಬಟ್ಟೆಯನ್ನು ಚೂರು ಚೂರೇ ಹಿಡಿದೆಳೆದು, ಇಡೀ ಮೈಯಲ್ಲಿ ಸಣ್ಣ ಸಣ್ಣ ಸುಕ್ಕು ಎಬ್ಬಿಸುತ್ತದೆ. ಆ ಸುಕ್ಕುಗಳ ನಡುವೆ ಗಾಳಿ ನಿಲ್ಲುತ್ತದೆ, ಎರಡೇ ಪದರದ ಕೌದಿ ಬೆಚ್ಚಗಿರುವುದು ಅದರಿಂದ. ಕೆನ್ನೆಗೆ ಒತ್ತಿಕೊಂಡರೆ ಒಂದೊಂದು ಕಡೆ ಒಂದೊಂದು ಸ್ಪರ್ಶ: ಜೀನ್ಸಿನ ದೊರಗು, ಕಾರ್ಡುರಾಯ್‌ನ ಗೆರೆಗೆರೆ, ಹೊಸಿಯರಿಯ ತಂಪು, ನಡುವಿನ ಸೀರೆಯ ಆ ಇದ್ದೂ ಇಲ್ಲದಂಥ ತೆಳು. ಕಣ್ಣು ಮುಚ್ಚಿ ಬೆರಳಾಡಿಸಿದರೂ ಯಾವ ತಿಂಗಳಲ್ಲಿದ್ದೇನೆ ಎಂದು ತಿಳಿಯುತ್ತದೆ.

ಇದನ್ನು ಗಾಜಿನ ಚೌಕಟ್ಟಿನಲ್ಲಿ ಹಾಕಿಡಿ ಎಂದವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಹೊದೆಯದ ಕೌದಿ ಮಡಿಕೆಯಲ್ಲೇ ಹಳದಿಯಾಗಿ ಮಡಿಕೆಯಲ್ಲೇ ಹರಿಯುತ್ತದೆ. ಹೊದೆಯಬೇಕು, ತೊಳೆಯಬೇಕು, ನೆರಳಲ್ಲಿ ಹರವಿ ಒಣಗಿಸಬೇಕು. ಮಳೆಗಾಲಕ್ಕೆ ಎತ್ತಿಡುವುದಾದರೆ ಒಣಗಿದ ಬೇವಿನ ಎಲೆ ಸಾಕು. ನುಸಿಗುಳಿಗೆ ಬೇಡವೇ ಬೇಡ, ಅದರ ಗಾಳಿ ಕೆಲವು ಎಳೆಗೂಸುಗಳ ರಕ್ತಕ್ಕೆ ಕೆಡುಕು ಮಾಡುತ್ತದೆ. ಮಗಳು ಈಗ ಇದನ್ನು ಅರ್ಧ ಹೊದ್ದು ಅರ್ಧ ತುಳಿಯುತ್ತ ಮನೆಯೆಲ್ಲ ಎಳೆದಾಡುತ್ತಾಳೆ. ಕಾಲ ಬುಡದ ಅಂಚಿನಲ್ಲಿ ಕಾಲರಿನ ಅಂಗಿಯ ತುಂಡು ಆಗಲೇ ಎಳೆ ಬಿಡುತ್ತಿದೆ. ಅದರ ಮೇಲೆ ಈ ವರ್ಷದ ಬಾಲವಾಡಿಯ ಪಿನಾಫೋರಿನ ಚೌಕಳಿ ಬಟ್ಟೆ ಬರಲಿದೆ. ಮಾರ್ಚ್ ಕಳೆದರೆ ಅದೂ ಅವಳಿಗೆ ಚಿಕ್ಕದಾಗುತ್ತದೆ. ತಳದ ಸೀರೆ ಇನ್ನೆರಡು ಪದರವನ್ನಾದರೂ ತಾಳುತ್ತದೆ ಎಂದು ಅವ್ವ ಎಳೆದು ನೋಡಿ ಹೇಳಿದ್ದಾಳೆ.